ಬಯಲುಸೀಮೆಯ ಮನೆಗೆ ಎಂಥ ಸೂರು? ಮೋಲ್ಡಿಂಗ್, ಚಪ್ಪಡಿ, ಹೆಂಚು, ಶೀಟು: ಆರಿಸುವ ಕ್ರಮ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಮನೆ ಕಟ್ಟಿಸುವವರು ಸೂರಿನ ವಿಷಯ ಬಂದಾಗ ಮೇಸ್ತ್ರಿಯನ್ನು ಮೊದಲು ಕೇಳುವುದು ‘ಸೋರಲ್ಲ ತಾನೆ?’ ಎಂದು. ಕೇಳಬೇಕಾದ ಮಾತೇ. ಆದರೆ ನಮ್ಮ ಸೀಮೆಯ ಲೆಕ್ಕವನ್ನೂ ಒಮ್ಮೆ ನೋಡಿ. ಬಹುತೇಕ ತಾಲ್ಲೂಕುಗಳಲ್ಲಿ ವರ್ಷದ ಮಳೆ 600ರಿಂದ 800 ಮಿಲಿಮೀಟರ್, ಪಾವಗಡದ ಕಡೆ ಇನ್ನೂ ಕಡಿಮೆ. ಅದರಲ್ಲೂ ದೊಡ್ಡದೊಂದು ಪಾಲು ಬೀಳುವುದು ಉತ್ತರೆಯಿಂದ ಸ್ವಾತಿಯವರೆಗಿನ ಕೆಲವೇ ವಾರಗಳಲ್ಲಿ. ಮಿಕ್ಕ ತಿಂಗಳುಗಳಲ್ಲಿ ಸೂರು ಎದುರಿಸುವುದು ಬಿಸಿಲನ್ನು. ಪಾವಗಡದ ತಿರುಮಣಿ ಸುತ್ತ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿರುವುದು ಸುಮ್ಮನೆ ಅಲ್ಲ. ಅದೇ ಬಿಸಿಲು ನಿಮ್ಮ ಮನೆಯ ತಲೆಯ ಮೇಲೂ ಬೀಳುತ್ತಿದೆ.

ಹಾಗಾಗಿ ಈ ಸೀಮೆಯಲ್ಲಿ ಸೂರನ್ನು ಮೊದಲು ಬಿಸಿಲಿಗೆ ತಕ್ಕಂತೆ ಆರಿಸಬೇಕು, ಆಮೇಲೆ ಮಳೆಗೆ. ಮಳೆ ನೀರನ್ನೂ ಬರೀ ಹೊರಕ್ಕೆ ತಳ್ಳಿದರೆ ಸಾಲದು, ಹಿಡಿದಿಟ್ಟುಕೊಳ್ಳಬೇಕು. ಮಲೆನಾಡಿನ ಮನೆ ನೋಡಿಕೊಂಡು ಬಂದು ಕೊರಟಗೆರೆಯಲ್ಲಿ ಕಟ್ಟಿದರೆ ಅಥವಾ ಬೆಂಗಳೂರಿನ ಅಪಾರ್ಟ್‌ಮೆಂಟ್ ನೋಡಿ ಬಾಗೇಪಲ್ಲಿಯಲ್ಲಿ ಕಟ್ಟಿದರೆ, ಒಳಗೆ ಮಲಗುವವರಿಗೆ ಏಪ್ರಿಲ್ ತಿಂಗಳಲ್ಲಿ ಅದರ ವ್ಯತ್ಯಾಸ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ಗೋಡೆ ಎಷ್ಟು ಹೊರುತ್ತದೆ?

ಸೂರಿನ ಸಾಮಾನು ನೋಡಲು ಅಂಗಡಿಗೆ ಹೋಗುವ ಮುಂಚೆ ಗೋಡೆ, ಪಾಯ ನೋಡಿಕೊಳ್ಳಿ. ನಮ್ಮ ಕಡೆ ಚದರದ ಲೆಕ್ಕ ಎಲ್ಲರಿಗೂ ಗೊತ್ತು, ಒಂದು ಚದರ ಎಂದರೆ ನೂರು ಚದರಡಿ. ಆ ಒಂದು ಚದರಕ್ಕೆ ಯಾವ ಸೂರು ಎಷ್ಟು ತೂಗುತ್ತದೆ ಎಂಬ ಅಂದಾಜು ಇರಲಿ. ಐದು ಇಂಚಿನ ಆರ್‌ಸಿಸಿ ಮೋಲ್ಡಿಂಗ್, ಅಂದರೆ ಕಂಬಿ ಕಟ್ಟಿ ಸುರಿದ ಕಾಂಕ್ರೀಟ್ ಸೂರು, ಸುಮಾರು 3 ಟನ್. ಮೂರು ಇಂಚಿನ ಕಲ್ಲು ಚಪ್ಪಡಿ ಸುಮಾರು 2 ಟನ್, ಅದರ ಮೇಲೆ ಗಾರೆ, ಮಣ್ಣು ಹಾಕಿದರೆ ಮೂರು ಟನ್ನನ್ನೂ ದಾಟುತ್ತದೆ. ಮಂಗಳೂರು ಹೆಂಚಾದರೆ ಮರಮುಟ್ಟು ಸೇರಿ ಅರ್ಧ ಟನ್ನಿನ ಆಸುಪಾಸು. ಬಣ್ಣದ ತಗಡಿನ ಶೀಟು ಬರೀ 45 ಕಿಲೋ, ಕೆಳಗಿನ ಕಬ್ಬಿಣದ ಪೈಪು ಸೇರಿದರೂ ಒಂದೂವರೆ ಕ್ವಿಂಟಾಲ್ ಮೀರುವುದು ಅಪರೂಪ.

ಈ ತೂಕ ಯಾಕೆ ಮುಖ್ಯ ಎಂದರೆ, ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ ಹೊಸ ಮನೆ ಕಟ್ಟುವುದಿಲ್ಲ, ಹಳೇ ಗೋಡೆ ಉಳಿಸಿಕೊಂಡು ಸೂರು ಮಾತ್ರ ಬದಲಿಸುತ್ತಾರೆ. ಮಣ್ಣಿನ ಗೋಡೆ, ಮಣ್ಣಿನಲ್ಲೇ ಕಟ್ಟಿದ ಕಲ್ಲುಗೋಡೆ ಇದ್ದರೆ ಅದರ ಮೇಲೆ ನೇರವಾಗಿ ಮೋಲ್ಡಿಂಗ್ ಹಾಕಿಸುವ ಆಸೆ ಬಿಡಿ. ಗೋಡೆ ಒಣಗಿರುವಾಗ ತಡೆದರೂ ಬುಡ ನೆನೆದ ವರ್ಷ ಕೈ ಕೊಡುತ್ತದೆ. 2021ರ ನವೆಂಬರಿನಲ್ಲಿ ಈ ಮೂರೂ ಜಿಲ್ಲೆಯಲ್ಲಿ ಸುರಿದ ಮಳೆಗೆ ಬಿದ್ದ ಮನೆಗಳಲ್ಲಿ ಮಣ್ಣಿನ ಗೋಡೆಯವೇ ಬಹಳ. ಅದರ ಮರುತಿಂಗಳೇ ಚಿಕ್ಕಬಳ್ಳಾಪುರದ ಸುತ್ತ ನೆಲ ಲಘುವಾಗಿ ನಡುಗಿತು. ಭಾರದ ಸೂರು, ಬಿಗಿ ಇಲ್ಲದ ಗೋಡೆ ಎರಡೂ ಸೇರಿದರೆ ಅಂಥ ಸಣ್ಣ ನಡುಕಕ್ಕೂ ಹೆದರಬೇಕು. ಹಳೇ ಗೋಡೆಗೆ ಹೆಂಚು ಅಥವಾ ಶೀಟೇ ಸರಿ. ಮೋಲ್ಡಿಂಗೇ ಬೇಕೆಂದರೆ ಒಳಗೆ ಕಾಲಂ ಎಬ್ಬಿಸಿ, ಬೀಮ್ ಹಾಕಿ, ಭಾರ ಗೋಡೆಯ ಮೇಲೆ ಬೀಳದಂತೆ ಇಂಜಿನಿಯರ್ ಕೈಲಿ ಬರೆಸಿಕೊಳ್ಳಿ.

ಇನ್ನೊಂದು ಮಾತನ್ನೂ ಮನೆಯವರೆಲ್ಲ ಕೂತು ತೀರ್ಮಾನಿಸಿಕೊಳ್ಳಿ: ಮುಂದೆ ಮೇಲೆ ಕಟ್ಟುವುದುಂಟೆ? ಮಗನಿಗೋ ಮಗಳಿಗೋ ಮಹಡಿ ಏರಿಸುವುದು ಖಂಡಿತ ಎಂದಾದರೆ ಆಯ್ಕೆ ಮೋಲ್ಡಿಂಗ್ ಒಂದೇ, ಪಾಯವನ್ನೂ ಈಗಲೇ ಅದಕ್ಕೆ ತಕ್ಕಂತೆ ಹಾಕಿಸಬೇಕು. ಖಂಡಿತವಿಲ್ಲ ಎಂದಾದರೆ ಆಯ್ಕೆ ವಿಶಾಲವಾಗುತ್ತದೆ. ಕಾಳು, ಹುಣಸೆಹಣ್ಣು, ಮೆಣಸಿನಕಾಯಿ ಒಣಗಿಸಲು, ಬೇಸಿಗೆಯಲ್ಲಿ ಮಲಗಲು ತಾರಸಿ ಬೇಕು ಎನ್ನುವ ಮನೆಗಳೂ ಉಂಟು. ಅದೂ ನ್ಯಾಯವಾದ ಕಾರಣವೇ.

ಎರಡನೇ ಹೆಜ್ಜೆ: ಒಂದೊಂದನ್ನೂ ತೂಗಿ ನೋಡುವುದು

*ಆರ್‌ಸಿಸಿ ಮೋಲ್ಡಿಂಗ್.* ಈಗ ನಮ್ಮ ಕಡೆ ಹತ್ತರಲ್ಲಿ ಎಂಟು ಜನ ಆರಿಸುವುದು ಇದನ್ನೇ. ಗಟ್ಟಿ, ಕಳ್ಳರ ಭಯವಿಲ್ಲ, ಮೇಲೆ ಟ್ಯಾಂಕು, ಸೋಲಾರ್, ಇನ್ನೊಂದು ಮಹಡಿ ಎಲ್ಲಕ್ಕೂ ಜಾಗ. ಇದರ ದೋಷ ಬಿಸಿಲು. ಮಧ್ಯಾಹ್ನ ಹೀರಿದ ಕಾವು ಐದು ಇಂಚು ದಾಟಿ ಒಳಗೆ ಬರಲು ಮೂರ್ನಾಲ್ಕು ಗಂಟೆ ಬೇಕು. ಅಂದರೆ ಹೊರಗೆ ತಂಪು ಗಾಳಿ ಬೀಸುವ ಹೊತ್ತಿಗೆ ಒಳಗೆ ಸೂರು ಕಾಯಲು ಶುರು. ಗೌರಿಬಿದನೂರು, ಶಿರಾ, ಮುಳಬಾಗಿಲು ಕಡೆಯವರು ರಾತ್ರಿ ಹನ್ನೊಂದಕ್ಕೂ ಫ್ಯಾನು ಬಿಸಿಗಾಳಿ ಹಾಕುತ್ತದೆ ಎನ್ನುವುದು ಇದಕ್ಕೇ. ಇದಕ್ಕೆ ಪರಿಹಾರ ಉಂಟು, ಮೂರನೇ ಹೆಜ್ಜೆಯಲ್ಲಿ ಹೇಳುತ್ತೇನೆ. ಆದರೆ ಅದರ ಖರ್ಚನ್ನು ಸೂರಿನ ಖರ್ಚಿನೊಳಗೇ ಸೇರಿಸಿ ಲೆಕ್ಕ ಹಾಕಿ.

ಮೋಲ್ಡಿಂಗ್ ಕೆಡುವುದು ಸಾಮಾನಿನಿಂದಲ್ಲ, ಹಾಕುವ ದಿನದ ಕೆಲಸದಿಂದ. ಆ ದಿನ ಮನೆಯವರೊಬ್ಬರು ಮಿಕ್ಸರ್ ಪಕ್ಕದಲ್ಲೇ ನಿಲ್ಲಬೇಕು. ಗಮನಿಸಬೇಕಾದ್ದು ನೀರು. ಒಂದು ಮೂಟೆ ಸಿಮೆಂಟಿಗೆ, ಅಂದರೆ 50 ಕಿಲೋಗೆ, 25ರಿಂದ 27 ಲೀಟರ್ ನೀರು ಸಾಕು. ಮರಳು ನೆನೆದಿದ್ದರೆ ಇನ್ನೂ ಕಡಿಮೆ. ಹತ್ತು ಗಂಟೆ ಬಿಸಿಲು ಏರಿದ ಮೇಲೆ ಮಾಲು ಬಿಗಿಯಾಗುತ್ತದೆ, ಎಳೆಯುವವರಿಗೆ ಕೈ ನೋಯುತ್ತದೆ. ಆಗ ಮೇಲಿನಿಂದ ಕೂಗು ಬರುತ್ತದೆ: ‘ಯಜಮಾನ್ರೆ, ಒಂದು ಬಕೆಟ್ ನೀರು ಜಾಸ್ತಿ ಹಾಕಿಸಿ, ಸಲೀಸಾಗಿ ಹರಿಯುತ್ತೆ.’ ಆ ಒಂದು ಬಕೆಟ್ ನೀರು ಆರಿದ ಮೇಲೆ ಕಾಂಕ್ರೀಟಿನೊಳಗೆ ಸಣ್ಣ ಸಣ್ಣ ತೂತು ಉಳಿಯುತ್ತದೆ. ಸೋರುವುದೂ, ಹತ್ತು ವರ್ಷಕ್ಕೆ ಕಂಬಿ ತುಕ್ಕು ಹಿಡಿದು ಸೂರಿನ ಗಾರೆ ಚಕ್ಕೆ ಚಕ್ಕೆಯಾಗಿ ಉದುರುವುದೂ ಆ ತೂತಿನಿಂದಲೇ. ‘ಬೇಡ ಮೇಸ್ತ್ರಿ, ವೈಬ್ರೇಟರ್ ಇನ್ನೊಂದು ಸುತ್ತು ಆಡಿಸಿ’ ಎಂದು ಗಟ್ಟಿಯಾಗಿ ಹೇಳಿ. ಹದ ತೀರಾ ಬಿಗಿ ಎನಿಸಿದರೆ ಪ್ಲಾಸ್ಟಿಸೈಸರ್ ಎಂಬ ದ್ರವ ಸಿಗುತ್ತದೆ, ಡಬ್ಬಿಯ ಮೇಲೆ ಬರೆದ ಅಳತೆಗೆ ಹಾಕಿದರೆ ನೀರು ಹೆಚ್ಚಿಸದೆಯೂ ಮಾಲು ಸಡಿಲವಾಗುತ್ತದೆ.

ಕಂಬಿಯ ಕೆಳಗೆ, ಅದನ್ನು ಹಲಗೆಯಿಂದ ಎತ್ತಿ ಹಿಡಿಯುವ 20 ಮಿಲಿಮೀಟರ್ ಕವರ್ ಬ್ಲಾಕ್ ಇರಬೇಕು. ಜಲ್ಲಿ ಚೂರು ಸಿಕ್ಕಿಸುವ ಅಭ್ಯಾಸ ಬೇಡ, ಮೇಲೆ ಓಡಾಡುವಾಗ ಅದು ಜಾರಿ ಕಂಬಿ ಹಲಗೆಗೆ ಅಂಟಿಕೊಳ್ಳುತ್ತದೆ. ಸೆಂಟ್ರಿಂಗ್, ಅಂದರೆ ಕೆಳಗಿನ ಹಲಗೆ ಆಧಾರ, ಬಿಚ್ಚಿದಾಗ ಸೂರಿನಲ್ಲಿ ಕಂಬಿಯ ಗೆರೆ ಕಂಡರೆ ತಪ್ಪಾಗಿದ್ದು ಅಲ್ಲೇ. ಮರುದಿನ ಮಡಿ ಕಟ್ಟಿ ನೀರು ನಿಲ್ಲಿಸಿ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟು, ಅದಕ್ಕೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು. ನಮ್ಮ ಒಣಹವೆಯಲ್ಲಿ 14 ದಿನ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಟ್ಯಾಂಕರ್ ನೀರಿನ ದುಡ್ಡು ಉಳಿಸಲು ಇಲ್ಲಿ ಕೈ ಬಿಗಿ ಮಾಡಬೇಡಿ. ಹದಿನೈದು ಅಡಿಯೊಳಗಿನ ಕೋಣೆಗೆ 14 ದಿನ, ಅದಕ್ಕಿಂತ ಅಗಲದ ಹಾಲಿಗೆ 21 ದಿನ ಸೆಂಟ್ರಿಂಗ್ ಬಿಚ್ಚಲು ಬಿಡಬೇಡಿ, ಸಾಮಾನಿನ ಬಾಡಿಗೆಯವರು ಎಷ್ಟೇ ಅವಸರ ಮಾಡಲಿ.

*ಫಿಲ್ಲರ್ ಸ್ಲ್ಯಾಬ್.* ಇದು ಮೋಲ್ಡಿಂಗಿನದೇ ಒಂದು ಬಗೆ. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಂಬಿ, ಅಲ್ಲಿನ ಕಾಂಕ್ರೀಟ್ ಬಹುಪಾಲು ತುಂಬಿಕೊಂಡಿರುತ್ತದೆ ಅಷ್ಟೆ. ಆ ಜಾಗಕ್ಕೆ ಕಂಬಿಯ ಚೌಕಗಳ ನಡುವೆ ಮಂಗಳೂರು ಹೆಂಚನ್ನು ಜೋಡಿಯಾಗಿ ಇಟ್ಟು ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ಕಾಂಕ್ರೀಟ್ ಉಳಿಯುತ್ತದೆ, ತೂಕ ಇಳಿಯುತ್ತದೆ, ಎರಡು ಹೆಂಚಿನ ನಡುವಿನ ಗಾಳಿ ಕಾವು ಇಳಿಯುವುದನ್ನು ನಿಧಾನ ಮಾಡುತ್ತದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಜನಪ್ರಿಯ ಮಾಡಿದರು. ನಮ್ಮಲ್ಲೇ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ ಹಳ್ಳಿಗೆ ತಕ್ಕ ತಂತ್ರಜ್ಞಾನಗಳನ್ನು ಹಳ್ಳಿಯಲ್ಲೇ ಪರೀಕ್ಷಿಸಿತು. ಆ ಕೇಂದ್ರವನ್ನು 1974ರಲ್ಲಿ ಕಟ್ಟಿದವರು ವಿಜ್ಞಾನಿ ಎ.ಕೆ.ಎನ್. ರೆಡ್ಡಿ. ಮಣ್ಣಿನ ಒತ್ತಿಟ್ಟಿಗೆಯ ಮನೆಗಳಿಗೆ ದಾರಿ ತೋರಿದ್ದೂ ಇದೇ ಕೇಂದ್ರ. ಇಷ್ಟು ಹತ್ತಿರದಲ್ಲಿ ಇಂಥ ಕೆಲಸ ನಡೆದಿದ್ದರೂ ನಮ್ಮ ಮೇಸ್ತ್ರಿಗಳು ಫಿಲ್ಲರ್ ಸ್ಲ್ಯಾಬ್ ಎಂದರೆ ಹಿಂಜರಿಯುತ್ತಾರೆ ಎಂಬುದು ನನಗೆ ಬೇಸರದ ವಿಷಯ. ಮಹಡಿ ಬೇಕು, ತಂಪೂ ಬೇಕು ಎನ್ನುವವರಿಗೆ ನನ್ನ ಮೊದಲ ಸಲಹೆ ಇದೇ. ಷರತ್ತು ಒಂದು: ಕಂಬಿಯ ನಕ್ಷೆಯನ್ನು ಇಂಜಿನಿಯರ್ ಬರೆಯಬೇಕು, ಈ ಕೆಲಸ ಒಮ್ಮೆಯಾದರೂ ಮಾಡಿದ ಮೇಸ್ತ್ರಿ ಹಾಕಬೇಕು. ಹೆಂಚುಗಳನ್ನು ಚೆನ್ನಾಗಿ ನೆನೆಸಿ ಇಡಬೇಕು, ಒಣ ಹೆಂಚು ಕಾಂಕ್ರೀಟಿನ ನೀರು ಕುಡಿದುಬಿಡುತ್ತದೆ.

*ಕಲ್ಲು ಚಪ್ಪಡಿ.* ಕೋಲಾರ, ಚಿಕ್ಕಬಳ್ಳಾಪುರದವರಿಗೆ ಇದನ್ನು ಪರಿಚಯಿಸಬೇಕಿಲ್ಲ. ಟೇಕಲ್ ಸುತ್ತಿನ ಬಂಡೆ ಒಡೆದು ತಂದ ಚಪ್ಪಡಿ ಹೊದಿಸಿದ ಮನೆಗಳು ಎರಡು ಮೂರು ತಲೆಮಾರು ಕಂಡಿವೆ. ಕಲ್ಲು ಒತ್ತಡ ತಾಳುತ್ತದೆ, ಬಾಗಿದರೆ ತಾಳುವುದಿಲ್ಲ. ಹಾಗಾಗಿ ಆಧಾರದಿಂದ ಆಧಾರಕ್ಕೆ ಆರೇಳು ಅಡಿಗಿಂತ ಉದ್ದ ಬಿಡಬಾರದು. ಅಗಲದ ಕೋಣೆ ಬೇಕಾದರೆ ನಡುವೆ ಕಲ್ಲಿನ ತೊಲೆಯೋ ಕಬ್ಬಿಣದ ಗರ್ಡರೋ ಬೇಕು. ಏಳಡಿ ಉದ್ದ, ಎರಡಡಿ ಅಗಲ, ಮೂರಿಂಚು ದಪ್ಪದ ಒಂದು ಚಪ್ಪಡಿ 260 ಕಿಲೋ ತೂಗುತ್ತದೆ. ಅದನ್ನು ಏರಿಸಿ ಕೂರಿಸಬಲ್ಲ ಕಲ್ಲುಕುಟಿಗರು ಈಗ ಊರೂರಿಗೆ ಸಿಗುವುದಿಲ್ಲ, ಕ್ರೇನ್ ತರಿಸುವವರೇ ಹೆಚ್ಚು.

ಹೊಸದಾಗಿ ಕೊಳ್ಳುವುದಾದರೆ ಪ್ರತಿ ಚಪ್ಪಡಿಯನ್ನೂ ಎರಡು ತುದಿಗೆ ಆಧಾರ ಕೊಟ್ಟು ಮಲಗಿಸಿ ಸುತ್ತಿಗೆಯಿಂದ ತಟ್ಟಿ ನೋಡಿ. ಖಣಿ ಎಂದರೆ ಸರಿ, ಮೊಂಡು ಸದ್ದು ಬಂದರೆ ಒಳಗೆ ಸೀಳು ಇದೆ. ಮೇಲೆ ನೀರು ಸುರಿದು ಒರೆಸಿ ಸ್ವಲ್ಪ ಹೊತ್ತು ಬಿಡಿ. ಸೀಳಿದ್ದಲ್ಲಿ ಮಾತ್ರ ಒದ್ದೆಯ ಗೆರೆ ಆರದೆ ಉಳಿಯುತ್ತದೆ. ಸಿಡಿಮದ್ದಿಟ್ಟು ಒಡೆದ ಬಂಡೆಯ ಚಪ್ಪಡಿಗಿಂತ ಉಳಿಯಿಟ್ಟು ಸೀಳಿದ ಚಪ್ಪಡಿ ನಂಬಿಕಸ್ತ.

ಹಳೇ ಚಪ್ಪಡಿ ಮನೆ ಇರುವವರಿಗೆ ಒಂದು ವಿನಂತಿ. ಸಂದಿನಲ್ಲಿ ಸೋರುತ್ತಿದೆ ಎಂಬ ಒಂದೇ ಕಾರಣಕ್ಕೆ ಒಡೆಸಬೇಡಿ. ಮೇಲಿನ ಹಳೇ ಮಣ್ಣು ತೆಗೆಸಿ, ಸಂದಿನ ಸತ್ತ ಗಾರೆ ಕೆತ್ತಿಸಿ, ಹೊಸ ಗಾರೆ ತುಂಬಿ, ಇಟ್ಟಿಗೆ ಜಲ್ಲಿ ಸುಣ್ಣದ ಗಾರೆ ಹಾಕಿ ವಾಟ, ಅಂದರೆ ನೀರು ಹರಿಯುವ ಇಳಿಜಾರು, ಕೊಟ್ಟರೆ ಇನ್ನೊಂದು ತಲೆಮಾರು ಬಾಳುತ್ತದೆ. ಬಿರುಕು ಬಿಟ್ಟ ಚಪ್ಪಡಿ ಒಂದೆರಡಿದ್ದರೆ ಕೆಳಗೆ ಕಬ್ಬಿಣದ ಆಧಾರ ಕೊಡಿಸಿ.

*ಮಣ್ಣಿನ ಮಾಳಿಗೆ.* ತೊಲೆ, ಜಂತೆ, ದಬ್ಬೆ, ಸೊಪ್ಪು, ಅದರ ಮೇಲೆ ಮಣ್ಣು, ತಲೆಗೆ ಚೌಳು ಮಣ್ಣು. ಬಿಸಿಲಿಗೆ ಇದಕ್ಕಿಂತ ತಂಪಾದ ಸೂರಿಲ್ಲ. ಆದರೆ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಚೌಳು ಹರಡಬೇಕು, ಗೆದ್ದಲು ನೋಡಬೇಕು, ಮಳೆ ನಿಲ್ಲದೆ ಹಿಡಿದರೆ ನೆನೆದ ಮಣ್ಣಿನ ಭಾರ ಏರುತ್ತದೆ. ನೋಡಿಕೊಳ್ಳುವ ಕೈ ಇದ್ದರೆ ಉಳಿಸಿಕೊಳ್ಳಿ, ಹೊಸದಾಗಿ ಮಾಡಿಸುವ ಕಾಲ ಇದಲ್ಲ.

*ಹೆಂಚು.* ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದರು. ನಮ್ಮ ಹತ್ತಿರದ ಮಾಲೂರೂ ಇಟ್ಟಿಗೆ, ಹೆಂಚಿಗೆ ಹೆಸರಾದ ಊರೇ. ಹೆಂಚಿನ ಸಂದಿನಲ್ಲಿ ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ಸಂಜೆಯಾದ ಕೂಡಲೇ ಹೆಂಚು ತಣಿಯುತ್ತದೆ. ಮೋಲ್ಡಿಂಗಿನ ಹಾಗೆ ರಾತ್ರಿಯೆಲ್ಲ ಕಾವು ಇಳಿಸುವುದಿಲ್ಲ. ಹಗಲಿನ ಝಳಕ್ಕೆ ಕೆಳಗೊಂದು ಹಲಗೆಯ ಅಟ್ಟವೋ ಸೀಲಿಂಗ್ ಹೆಂಚೋ ಇದ್ದರೆ ಬಯಲುಸೀಮೆಗೆ ಚೆನ್ನಾಗಿ ಹೊಂದುತ್ತದೆ.

ಒಂದು ಚದರಕ್ಕೆ ಸುಮಾರು 150 ಹೆಂಚು ಬೇಕು, ಒಡಕಿಗೆಂದು ನೂರಕ್ಕೆ ಐದು ಹೆಚ್ಚು ತರಿಸಿ. ಅಡ್ಡ ಒಂದಡಿಗೆ ಆರೇಳು ಇಂಚು ಏರಿಕೆ ಇರಬೇಕು, ಖರ್ಚು ಉಳಿಯಲೆಂದು ಇಳಿಜಾರು ತಗ್ಗಿಸಿದರೆ ಗಾಳಿ ಮಳೆಯಲ್ಲಿ ನೀರು ಹಿಂದಕ್ಕೆ ನುಗ್ಗುತ್ತದೆ. ಹೆಂಚಿನ ಗುಣ ನೋಡಲು ತಕ್ಕಡಿಯೊಂದಿದ್ದರೆ ಸಾಕು. ಒಣ ಹೆಂಚನ್ನು ತೂಗಿ, ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. ಎರಡೂವರೆ ಕಿಲೋ ಹೆಂಚು ಅರ್ಧ ಕಿಲೋಗಿಂತ ಹೆಚ್ಚು ನೀರು ಕುಡಿದಿದ್ದರೆ ಬೇಡ.

ಇಲ್ಲಿ ಹೆಂಚು ಹಿಂದೆ ಸರಿದದ್ದಕ್ಕೆ ಎರಡು ಗಟ್ಟಿ ಕಾರಣ ಉಂಟು. ಒಂದು ಕೋತಿ. ಬೆಟ್ಟ, ದೇವಸ್ಥಾನ ಹತ್ತಿರ ಇರುವ ಊರುಗಳಲ್ಲಿ ಕೋತಿಗಳು ಹೆಂಚು ಎತ್ತಿ ಒಳಗಿಳಿಯುತ್ತವೆ, ಬೀಸಿ ಒಡೆಯುತ್ತವೆ. ದೇವರಾಯನದುರ್ಗದ ಸುತ್ತಿನವರನ್ನು ಕೇಳಿ. ಇನ್ನೊಂದು ತೆಂಗು. ತಿಪಟೂರು, ತುರುವೇಕೆರೆ ಕಡೆ ಮನೆಯ ಮೇಲೆ ಬಾಗಿದ ಮರವಿದ್ದರೆ ಒಂದು ಕಾಯಿ, ಒಂದು ಹೆಡೆ ಬಿದ್ದರೂ ನಾಲ್ಕು ಹೆಂಚು ಹೋಯಿತು. ಕೋತಿ ಕಾಟ ನಿಜವಾಗಿ ಇರುವ ಕಡೆ ಹೆಂಚು ಕೂರುವ ರೀಪರ್ ಪಟ್ಟಿಯ ಕೆಳಗೆ ಗಟ್ಟಿ ವೆಲ್ಡ್ ಮೆಶ್ ಬಿಗಿದು ಮೇಲೆ ಹೆಂಚು ಹೊದಿಸಿ, ಅಂಚಿನ ಸಾಲುಗಳನ್ನು ತಂತಿಯಿಂದ ಕಟ್ಟಿಸಿ. ಒಳಕ್ಕೆ ಇಳಿಯುವುದಂತೂ ನಿಲ್ಲುತ್ತದೆ. ಹೆಂಚು ಒಡೆಯುವುದು ನಿಲ್ಲುವುದಿಲ್ಲ ಎಂದು ತಿಳಿದೇ ಆರಿಸಿ.

*ಶೀಟು.* ಕಡಿಮೆ ಖರ್ಚು, ಬೇಗ ಮುಗಿಯುವ ಕೆಲಸ. ಇಲ್ಲಿ ಮೋಸಕ್ಕೂ ಅಷ್ಟೇ ಅವಕಾಶ.

ಮೊದಲು ಸಿಮೆಂಟ್ ಶೀಟಿನ ಮಾತು. ಬೂದು ಬಣ್ಣದ ಅಲೆಯಲೆಯ ಶೀಟಿನಲ್ಲಿ ಸಾಮಾನ್ಯವಾಗಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಲ್ಲ ಬಗೆಯ ಆಸ್ಬೆಸ್ಟಾಸನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ಅನೇಕ ದೇಶಗಳು ನಿಷೇಧಿಸಿವೆ, ನಮ್ಮಲ್ಲಿ ಮಾರಾಟ ನಡೆಯುತ್ತಿದೆ. ಹೊಸ ಮನೆಗೆ ಖಂಡಿತ ಹಾಕಿಸಬೇಡಿ. ಶೀಟೇ ಬೇಕಿದ್ದರೆ ಕಲ್ನಾರಿಲ್ಲದ ಫೈಬರ್ ಸಿಮೆಂಟ್ ಶೀಟೂ ಸಿಗುತ್ತದೆ, ಕೇಳಿ ತನ್ನಿ. ಈಗಾಗಲೇ ತಲೆಯ ಮೇಲಿದ್ದರೆ ಗಾಬರಿ ಬೇಡ. ಒಡೆಯದೆ, ಕೊರೆಯದೆ ಸುಮ್ಮನಿರುವ ಶೀಟಿಗಿಂತ ಕತ್ತರಿಸುವಾಗ ಏಳುವ ದೂಳು ಬಹಳ ಅಪಾಯ. ತೆಗೆಸುವಾಗ ನೀರು ಚಿಮುಕಿಸಿ ನೆನೆಸಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ, ಒಣ ಪೊರಕೆ ಹಾಕಬೇಡಿ, ಮಕ್ಕಳನ್ನು ದೂರ ಇಡಿ. ಒಡೆದ ಚೂರನ್ನು ಕೊಟ್ಟಿಗೆಗೆ, ದಾರಿಯ ಗುಂಡಿಗೆ ತುಂಬುವ ರೂಢಿ ನಿಲ್ಲಲೇಬೇಕು.

ಬಣ್ಣದ ತಗಡಿನ ಶೀಟಿನಲ್ಲಿ ನೋಡಬೇಕಾದ್ದು ದಪ್ಪ ಮತ್ತು ಲೇಪ. ಬಣ್ಣ ನೋಡಿ ಮರುಳಾಗಬೇಡಿ. ವಾಸದ ಮನೆಗೆ 0.5 ಮಿಲಿಮೀಟರ್ ಇರಲಿ. ಅಂಗಡಿಯವರು ಹೇಳುವ ದಪ್ಪ ಲೇಪ, ಬಣ್ಣ ಎಲ್ಲ ಸೇರಿದ್ದೋ ಬರೀ ಕಬ್ಬಿಣದ್ದೋ ಎಂದು ಬಿಡಿಸಿ ಕೇಳಿ. ನಂಬಿಕೆ ಬರದಿದ್ದರೆ ತೂಗಿಸಿ: ನಾಲ್ಕಡಿ ಅಗಲದ ತಗಡಿನ ಸುರುಳಿಯಿಂದ ಮಾಡಿದ ಹತ್ತಡಿ ಉದ್ದದ ಶೀಟು 0.5 ಇದ್ದರೆ 14 ಕಿಲೋ ಹತ್ತಿರ ತೂಗಬೇಕು. ಹತ್ತು ಕಿಲೋ ಬಂದರೆ ನಿಮಗೆ ಕೊಡುತ್ತಿರುವುದು 0.35. ಒಳ್ಳೆಯ ಕಂಪನಿಯ ಶೀಟಿನ ಹಿಂಬದಿಯಲ್ಲಿ ಹೆಸರು, ದಪ್ಪ, ಲೇಪದ ಗ್ರೇಡು ಮತ್ತೆ ಮತ್ತೆ ಅಚ್ಚಾಗಿರುತ್ತದೆ. ಲೇಪದಲ್ಲಿ ಬರೀ ಸತುವಿಗಿಂತ ಅಲ್ಯುಮಿನಿಯಂ ಸೇರಿದ ಗಾಲ್ವಾಲ್ಯೂಮ್ ಹೆಚ್ಚು ಕಾಲ ಬಾಳುತ್ತದೆ. ಅದರಲ್ಲಿ ಅಲ್ಯುಮಿನಿಯಂ ನೂರಕ್ಕೆ 55 ಪಾಲು, ಮಿಕ್ಕಿದ್ದು ಬಹುತೇಕ ಸತು. ಬಿಳಿ ಅಥವಾ ತಿಳಿ ಬಣ್ಣದ್ದಿರಲಿ. ಕಡುಗೆಂಪು, ಕಡುನೀಲಿ ನೋಡಲು ಚೆಂದ, ಕೆಳಗೆ ಕೂರಲು ಕಷ್ಟ.

ಭರಣಿ ಮಳೆಯ ಮುಂಚೆ ಬೀಸುವ ಗಾಳಿಗೆ ನಮ್ಮ ಕಡೆ ಪ್ರತಿ ವರ್ಷ ಶೀಟು ಹಾರುತ್ತದೆ. ಹಾರುವುದು ಶೀಟು ಹಗುರ ಎಂದಲ್ಲ, ಕೆಳಗಿನ ಪೈಪು ಗೋಡೆಗೆ ಹಿಡಿದಿಲ್ಲ ಎಂದು. ಪೈಪಿನ ತುದಿಯನ್ನು ಇಟ್ಟಿಗೆಯ ಮೇಲೆ ಇಟ್ಟು ಸುತ್ತ ಗಾರೆ ಮೆತ್ತಿದರೆ ಸಾಲದು. ಗೋಡೆಯ ತಲೆಗೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿಸಿ, ಅದಕ್ಕೆ ಆಂಕರ್ ಬೋಲ್ಟಿನಿಂದ ಪ್ಲೇಟು, ಪ್ಲೇಟಿಗೆ ಪೈಪು ವೆಲ್ಡ್ ಆಗಬೇಕು. ಸ್ಕ್ರೂ ರಬ್ಬರ್ ವಾಷರ್ ಇರುವುದಾಗಿರಲಿ, ಶೀಟಿನ ಉಬ್ಬಿನ ಮೇಲೆ ಕೂರಲಿ, ಅಂಚಿನ ಎರಡು ಸಾಲಿನಲ್ಲಿ ಹತ್ತಿರ ಹತ್ತಿರ ಬೀಳಲಿ. ಗೋಡೆಯಾಚೆ ಶೀಟು ಒಂದೂವರೆ ಅಡಿಗಿಂತ ಹೆಚ್ಚು ಚಾಚುವುದು ಬೇಡ, ಗಾಳಿಗೆ ಹಿಡಿ ಸಿಗುವುದೇ ಅಲ್ಲಿ. ಶೀಟಿನ ಮೇಲೆ ದಪ್ಪ ಕಲ್ಲು ಹೇರುವುದನ್ನು ದಯವಿಟ್ಟು ಬಿಡಿ, ಬಿರುಗಾಳಿಯಲ್ಲಿ ಜನರಿಗೆ ಪೆಟ್ಟಾಗುವುದು ಆ ಕಲ್ಲಿನಿಂದ.

ತಗಡಿನ ಮನೆಯಲ್ಲಿ ಹಗಲು ಇರಬೇಕಾದವರು, ಅದರಲ್ಲೂ ಮುದುಕರು, ಬಾಣಂತಿಯರು ಇರುವ ಮನೆಯವರು, ಬರೀ ಶೀಟು ಹಾಕಿಸಬೇಡಿ. ಎರಡು ತಗಡಿನ ನಡುವೆ ಫೋಮ್ ತುಂಬಿದ ಪಫ್ ಪ್ಯಾನಲ್ ಬರುತ್ತದೆ, 30ರಿಂದ 50 ಮಿಲಿಮೀಟರ್ ದಪ್ಪದ್ದು. ದುಬಾರಿ, ಆದರೆ ಕಾವೂ ಮಳೆಯ ಸದ್ದೂ ಎರಡೂ ತಗ್ಗುತ್ತವೆ. ಅಷ್ಟು ಆಗದಿದ್ದರೆ ಶೀಟಿನ ಒಂದಡಿ ಕೆಳಗೆ ಸೀಲಿಂಗ್ ಹಾಕಿಸಿ, ಎರಡೂ ತುದಿಯ ಗೋಡೆಯಲ್ಲಿ ಜಾಲರಿ ಕಿಂಡಿ ಬಿಡಿ. ಕಿಂಡಿ ಇಲ್ಲದ ಸೀಲಿಂಗ್ ಅರ್ಧ ಕೆಲಸ.

ಮೂರನೇ ಹೆಜ್ಜೆ: ತಾರಸಿಯ ಕಾವು ಇಳಿಸುವುದು

ಮೋಲ್ಡಿಂಗ್ ಆರಿಸಿದವರು ಇದನ್ನು ಮುಂದೆ ನೋಡೋಣ ಎಂದು ಬಿಡಬಾರದು. ಬರೀ ಸಿಮೆಂಟಿನ ತಾರಸಿ ಬಿದ್ದ ಬಿಸಿಲಿನಲ್ಲಿ ಮೂರನೇ ಒಂದು ಪಾಲನ್ನೂ ಹಿಂದಕ್ಕೆ ಕಳಿಸುವುದಿಲ್ಲ. ಅಚ್ಚ ಬಿಳಿ ಮೇಲ್ಮೈ ಮುಕ್ಕಾಲು ಪಾಲನ್ನು ಕಳಿಸುತ್ತದೆ. ಒಳಗೆ 2ರಿಂದ 5 ಡಿಗ್ರಿ ಇಳಿಯುವುದು ಹೀಗೆ.

ಅಗ್ಗದ ದಾರಿ ಸುಣ್ಣ. ಕಲ್ಲುಸುಣ್ಣ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಬೆರೆಸಿ, ತಾರಸಿ ತೊಳೆದು ಎರಡು ಮೂರು ಸಲ ಬಳಿಯಿರಿ. ಶಿವರಾತ್ರಿ ಕಳೆದ ಕೂಡಲೇ ಬಳಿದರೆ ಬೇಸಿಗೆಯೆಲ್ಲ ಕಾಪಾಡುತ್ತದೆ, ಮಳೆಗೆ ತೊಳೆದು ಹೋಗುತ್ತದೆ. ಮುಂದಿನ ವರ್ಷ ಮತ್ತೆ. ಖರ್ಚು ಮಾಡುವ ಹಾಗಿದ್ದರೆ ಕೂಲ್ ರೂಫ್ ಪೇಂಟು ಕೆಲವು ವರ್ಷ ಬರುತ್ತದೆ. ಎಲ್ಲಕ್ಕಿಂತ ಬಾಳುವುದು ಬಿಳಿ ಟೈಲ್ಸ್ ಚೂರಿನ ಹಾಸು: ಅಂಗಡಿಯಲ್ಲಿ ಮಿಕ್ಕ, ಒಡೆದ ಬಿಳಿ ಟೈಲ್ಸ್ ಅಗ್ಗಕ್ಕೆ ತಂದು, ವಾಟ ಕೊಟ್ಟ ಗಾರೆಯ ಮೇಲೆ ಒತ್ತಿ, ಸಂದಿಗೆ ಬಿಳಿ ಸಿಮೆಂಟು ತುಂಬಿಸುವುದು. ನೀರೂ ಇಂಗುವುದಿಲ್ಲ, ಕಾವೂ ಅಷ್ಟಾಗಿ ಒಳಗೆ ಇಳಿಯುವುದಿಲ್ಲ. ತಾರಸಿಯ ಮೇಲೆ ಸೋಲಾರ್ ಪ್ಯಾನಲ್ ಕೂರಿಸಿದರೆ ಅದರ ನೆರಳೂ ಲಾಭವೇ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30,000, 2 ಕಿಲೋವಾಟಿಗೆ 60,000, 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ಎಂದು 2024ರಲ್ಲಿ ಗೊತ್ತುಮಾಡಿದರು. ಒಂದು ಕಿಲೋವಾಟಿಗೆ ಸುಮಾರು ಒಂದು ಚದರ ಜಾಗ ಬೇಕು. ಟ್ಯಾಂಕು, ಮೆಟ್ಟಿಲ ಕೋಣೆಯ ನೆರಳು ಬೀಳದ ಹಾಗೆ ದಕ್ಷಿಣದ ಕಡೆ ಖಾಲಿ ಬಿಡಿಸಿ. ನೀರಿನ ಟ್ಯಾಂಕು ಸಾವಿರ ಲೀಟರಿನದಾದರೆ ಒಂದು ಟನ್ ಭಾರ, ಅದನ್ನು ಕೋಣೆಯ ನಡುಮಧ್ಯೆ ಇಡದೆ ಗೋಡೆ ಅಥವಾ ಬೀಮಿನ ಮೇಲೆ ಬರುವಂತೆ ಇಡಿ.

ನಾಲ್ಕನೇ ಹೆಜ್ಜೆ: ನೀರಿನ ದಾರಿ

ಹತ್ತಡಿಗೆ ಒಂದೂಕಾಲು ಇಂಚು ವಾಟ ತಾರಸಿಗೆ ಸಾಕು. ಅದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ. ಗಂಟೆಗೆ ನೂರು ಮಿಲಿಮೀಟರ್ ಸುರಿಯುವ ಜೋರು ಮಳೆಗೆ ನಾಲ್ಕಿಂಚಿನ ಒಂದು ಪೈಪು ಸುಮಾರು ನಾಲ್ಕೂವರೆ ಚದರದ ನೀರನ್ನು ಇಳಿಸಬಲ್ಲದು. ಹತ್ತು ಚದರದ ಮನೆಗೆ ಮೂರು ಪೈಪು ಇಡಿಸಿ, ಒಂದು ಕಟ್ಟಿಕೊಂಡರೂ ತೊಂದರೆಯಾಗಬಾರದು. ಪ್ಯಾರಾಪೆಟ್ ಮತ್ತು ತಾರಸಿ ಕೂಡುವ ಮೂಲೆಯನ್ನು ಗುಂಡಗೆ ಗಾರೆ ಹಾಕಿ ಮುಚ್ಚಿಸಿ. ಸೋರಿಕೆ ಹೆಚ್ಚಾಗಿ ಶುರುವಾಗುವುದು ಆ ಮೂಲೆಯಿಂದ.

ಈ ನೀರನ್ನು ಚರಂಡಿಗೆ ಬಿಡುವುದು ನಮ್ಮ ಸೀಮೆಯಲ್ಲಿ ಅನ್ಯಾಯ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ, ಕುದಿಸಿದರೆ ಅದು ಹೋಗುವುದೂ ಇಲ್ಲ. ಮಳೆ ನೀರಿನಲ್ಲಿ ಆ ತೊಂದರೆ ಇಲ್ಲ. ಹತ್ತು ಚದರದ ಸೂರಿನ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ 65,000 ಲೀಟರ್. ಆವಿಯಾಗಿ, ಚೆಲ್ಲಿ ಹೋದದ್ದು ಕಳೆದರೂ 50,000 ಲೀಟರ್ ಕೈಗೆ ಸಿಗುತ್ತದೆ. ನಾಲ್ಕು ಜನರ ಮನೆಯ ಕುಡಿಯುವ ನೀರು, ಅಡುಗೆಗೆ ದಿನಕ್ಕೆ 20 ಲೀಟರ್ ಎಂದು ಹಿಡಿದರೆ ವರ್ಷಕ್ಕೆ ಬೇಕಾದ್ದು 7,300. ಎಂಟು ಸಾವಿರ ಲೀಟರಿನ ಸಂಪು ಇದ್ದರೆ ಆಯಿತು. ಮೊದಲ ಮಳೆಯ ಕೊಳೆ ನೀರು ಆಚೆ ಹೋಗುವಂತೆ ಪೈಪಿಗೊಂದು ಬೈಪಾಸ್ ವಾಲ್ವ್, ಆಮೇಲೆ ಜಲ್ಲಿ ಮರಳಿನ ಶೋಧಕ, ಸಂಪಿಗೆ ಬೆಳಕು ಹೋಗದ ಮುಚ್ಚಳ. ಕುಡಿಯುವ ಮುಂಚೆ ಕುದಿಸಿ ಅಥವಾ ಫಿಲ್ಟರ್ ಮಾಡಿ.

ಸೂರು ಆರಿಸುವಾಗಲೇ ಇದು ಲೆಕ್ಕಕ್ಕೆ ಬರಬೇಕು. ಮೋಲ್ಡಿಂಗ್, ಟೈಲ್ಸ್ ಚೂರಿನ ಹಾಸು, ಬಣ್ಣದ ಶೀಟು, ಚೆನ್ನಾಗಿ ಸುಟ್ಟ ಹೆಂಚು ಕುಡಿಯುವ ನೀರಿಗೆ ಸರಿ. ಕಲ್ನಾರಿನ ಶೀಟು ಮತ್ತು ಮಣ್ಣಿನ ಮಾಳಿಗೆಯ ನೀರನ್ನು ಗಿಡಕ್ಕೆ ಬಿಡಿ. ತಾರಸಿಗೆ ಪೇಂಟು ಬಳಿಸುವಾಗ ಕುಡಿಯುವ ನೀರು ಹಿಡಿಯಲು ಆಗುತ್ತದೆಯೇ ಎಂದು ಕಂಪನಿಯ ವಿವರದಲ್ಲಿ ನೋಡಿಯೇ ಕೊಳ್ಳಿ.

ಐದನೇ ಹೆಜ್ಜೆ: ರೇಟು ಕೇಳುವುದು, ಮಾತು ಬರೆಸಿಕೊಳ್ಳುವುದು

ಎರಡು ಮೂರು ಕಡೆ ರೇಟು ಕೇಳಿ, ಆದರೆ ಎಲ್ಲರನ್ನೂ ಒಂದೇ ಪಟ್ಟಿ ಹಿಡಿದು ಕೇಳಿ. ‘ಚದರಡಿಗೆ ಇಷ್ಟು’ ಎಂದಾಗ ಶೀಟಾದರೆ ಪೈಪು, ಸ್ಕ್ರೂ, ಸೂರಂಚಿನ ನೀರಿನ ದೋಣಿ, ವೆಲ್ಡಿಂಗ್ ಸೇರಿದೆಯೇ? ಹೆಂಚಾದರೆ ಮರಮುಟ್ಟು, ಗೆದ್ದಲಿನ ಔಷಧಿ, ಮೂಲೆ ಹೆಂಚು? ಮೋಲ್ಡಿಂಗಾದರೆ ಸೆಂಟ್ರಿಂಗ್ ಬಾಡಿಗೆ ಎಷ್ಟು ದಿನದ್ದು, ಕ್ಯೂರಿಂಗ್ ನೀರು ಯಾರದ್ದು, ವಾಟದ ಗಾರೆ ಯಾರ ಲೆಕ್ಕ? ಬಿಟ್ಟುಹೋದ ಬಾಬತ್ತೇ ಕೊನೆಗೆ ಜಗಳಕ್ಕೆ ಬರುವುದು. ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಹಾಕಿ.

ಮೋಲ್ಡಿಂಗಿಗೆ ಮಾಘ, ಫಾಲ್ಗುಣ ಒಳ್ಳೆಯ ಕಾಲ. ಏಪ್ರಿಲ್, ಮೇನಲ್ಲೇ ಹಾಕಬೇಕಾಗಿ ಬಂದರೆ ಬೆಳಗಿನ ಜಾವ ಶುರುಮಾಡಿ, ಹಾಕಿದ ಹಾಗೆಲ್ಲ ಒದ್ದೆ ಗೋಣಿಚೀಲ ಹೊದಿಸಿ. ಬಿಸಿಲಿಗೆ ಮೇಲ್ಮೈ ಬೇಗ ಒಣಗಿ ಅದೇ ಮಧ್ಯಾಹ್ನವೇ ಕೂದಲೆಳೆಯ ಬಿರುಕು ಬಿಡುತ್ತದೆ. ಟಾರ್ಪಲ್ ಕೈಗೆಟಕುವಂತೆ ಇರಲಿ, ಕೃತಿಕೆ ಮಳೆ ಹೇಳಿ ಬರುವುದಿಲ್ಲ.

ಮೇಸ್ತ್ರಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಸೋರಿಕೆ ಪರೀಕ್ಷೆ ಆದ ಮೇಲೆ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ. ಪರೀಕ್ಷೆ ಸರಳ: ತಾರಸಿಯ ಪೈಪುಗಳಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಒಳಗಿನ ಸೂರಿನಲ್ಲಿ ಒದ್ದೆಯ ಕಲೆ ಹುಡುಕಿ. ಕಲೆ ಕಂಡ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ ಫೋಟೊ ತೆಗೆದಿಟ್ಟುಕೊಳ್ಳಿ. ಹೆಂಚು, ಶೀಟಾದರೆ ಪೈಪಿನಿಂದ ತುದಿಯ ಸಾಲಿನಿಂದ ಕೆಳಕ್ಕೆ ಅರ್ಧ ಗಂಟೆ ನೀರು ಬಿಡಿಸಿ, ಒಳಗೊಬ್ಬರು ನಿಂತು ನೋಡಲಿ. ಬಣ್ಣ, ಸೀಲಿಂಗ್ ಕೆಲಸ ಇದು ಮುಗಿದ ಮೇಲೆಯೇ ಶುರುವಾಗಲಿ.